ನಾಲ್ಕು ತಾಲ್ಲೂಕುಗಳ ಅತ್ತೆಯಂದಿರಿಗೆ ಒಂದು ಬಿನ್ನಹ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಮನೆಗಳಲ್ಲಿ ಹಿರಿತನದ ಭಾರವನ್ನು ಹೊತ್ತಿರುವ ಅತ್ತೆಯಂದಿರಿಗೂ, ಅಜ್ಜಿಯರಿಗೂ, ಬಾಣಂತನ ಮಾಡಿ ಕೈ ಪಳಗಿದ ತಾಯಂದಿರಿಗೂ ನಮಸ್ಕಾರಗಳು.

ಸ್ತ್ರೀಯರ ದೇಹಾರೋಗ್ಯವನ್ನು ಕುರಿತು ಬರೆಯತಕ್ಕವರು ತಮ್ಮ ಅಹವಾಲನ್ನು ಸರ್ಕಾರಕ್ಕೋ ವೈದ್ಯರಿಗೋ ಇಲ್ಲವೆ ಪ್ರಾಯದ ಹೆಣ್ಣುಮಕ್ಕಳಿಗೋ ಒಪ್ಪಿಸುವುದು ವಾಡಿಕೆ. ನಾನು ಆ ಮೂವರನ್ನೂ ಬಿಟ್ಟು ತಮಗೆ ಬರೆಯುತ್ತಿರುವುದಕ್ಕೆ ಕಾರಣವುಂಟು. ಸೊಸೆಗೆ ಕಿಬ್ಬೊಟ್ಟೆ ನೊಂದಾಗ ಅದು ಜೀರಿಗೆ ಕಷಾಯಕ್ಕೆ ಬಗ್ಗುವ ನೋವೋ, ಆಸ್ಪತ್ರೆಗೆ ಒಯ್ಯತಕ್ಕ ನೋವೋ ಎಂದು ತೀರ್ಮಾನಿಸುವವರು ತಾವು. ಮೊಮ್ಮಗಳು ಮುಟ್ಟಾದಾಗ ಎಲ್ಲಿ ಕೂರಬೇಕು, ಏನು ಉಣ್ಣಬೇಕು, ಶಾಲೆಗೆ ಹೋಗಬೇಕೋ ಬೇಡವೋ ಎಂಬ ವ್ಯವಸ್ಥೆಯನ್ನು ಮಾಡುವವರು ತಾವು. ಬಾಣಂತಿಗೆ ನೀರು ಎಷ್ಟು, ಸೊಪ್ಪು ಯಾವುದು, ಎದ್ದು ಓಡಾಡುವುದು ಎಂದು ಎಂಬುದನ್ನು ವಿಧಿಸುವವರೂ ತಾವೇ. ವೈದ್ಯರ ಚೀಟಿ ಬರುವುದು ತಮ್ಮ ಅಪ್ಪಣೆಯಾದ ಮೇಲೆ. ಅಧಿಕಾರವು ಎಲ್ಲಿರುವುದೋ ಅಲ್ಲಿಗೆ ಅರ್ಜಿಯನ್ನು ಸಲ್ಲಿಸುವುದು ನ್ಯಾಯವಾದುದರಿಂದ ಈ ಪತ್ರ ತಮ್ಮ ಹೆಸರಿಗೆ.

ನಾನು ವೈದ್ಯಳಲ್ಲ. ಈ ನಾಲ್ಕು ತಾಲ್ಲೂಕುಗಳನ್ನು ವಿದ್ಯಾ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದಾಗಿ ಎಣಿಸುವುದಷ್ಟೆ. ಅದರ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾಜರಿ ಪುಸ್ತಕವನ್ನು ಬಹುಕಾಲ ನೋಡಿದವರಿಗೆ ಅದರಲ್ಲಿ ಹುಡುಗರ ಗೈರುಹಾಜರಿಯೂ ಹುಡುಗಿಯರ ಗೈರುಹಾಜರಿಯೂ ಬೇರೆ ಬೇರೆ ಬಗೆಯವೆಂಬುದು ತಾನಾಗಿ ತಿಳಿಯುತ್ತದೆ. ಹುಡುಗನು ಸಂತೆಗೋ ಜಾತ್ರೆಗೋ ಬೇಸಾಯಕ್ಕೋ ತಪ್ಪಿಸಿಕೊಳ್ಳುತ್ತಾನೆ. ಅವನ ಸೊನ್ನೆಗಳು ಎಲ್ಲೆಂದರಲ್ಲಿ ಚೆಲ್ಲಿರುತ್ತವೆ. ಎಂಟನೆಯ ತರಗತಿಯ ನಡುವಿನಿಂದ ಹುಡುಗಿಯ ಸಾಲಿನಲ್ಲಿ ಮಾತ್ರ ತಿಂಗಳು ತಿಂಗಳೂ ಮೂರೋ ನಾಲ್ಕೋ ಸೊನ್ನೆಗಳು ಒತ್ತಾಗಿ ಕೂತಿರುತ್ತವೆ. ಮುಖ್ಯೋಪಾಧ್ಯಾಯರು ಕಾರಣವನ್ನು ಕೇಳುವುದಿಲ್ಲ, ಹುಡುಗಿಯು ಹೇಳುವುದಿಲ್ಲ, ಹತ್ತನೆಯ ತರಗತಿಯ ಫಲಿತಾಂಶದ ದಿವಸ ಎಲ್ಲರೂ ಸೇರಿ ಆಕೆಯ ಬುದ್ಧಿಯನ್ನು ಹಳಿಯುತ್ತಾರೆ.

ಹಿರಿಯ ಹೆಣ್ಣುಮಕ್ಕಳ ತಿಳಿವಳಿಕೆಯನ್ನು ಮೂಢತನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವಿದ್ಯಾವಂತರ ಗುಂಪಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಓದು ಬರಹವನ್ನರಿಯದೆ, ತಮ್ಮ ಅಜ್ಜಿ ಮರಿಗೆಮ್ಮನವರಿಂದ ಕಲಿತ ವಿದ್ಯೆಯ ಬಲದಿಂದ, ಏಳು ದಶಕಗಳ ಕಾಲ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿದರು. ಹನ್ನೆರಡು ಮಕ್ಕಳನ್ನು ಹೆತ್ತು ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡ ಆ ತಾಯಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಕೊಟ್ಟವು. ಅದೇ ವರ್ಷದ ಡಿಸೆಂಬರ್ 25ರಂದು ತೊಂಬತ್ತೆಂಟರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿಗಳಿಗಾಗಿ ನಾನು ಅವರನ್ನು ನೆನೆಯುತ್ತಿಲ್ಲ. ಬಸುರಿಯ ಮೈಯನ್ನು ಮುಟ್ಟಿ, ನೋಡಿ, ಕೇಳಿ ತಿಳಿಯುವುದಕ್ಕೆ ನಾಚಬಾರದೆಂಬ ಸಂಪ್ರದಾಯವೊಂದು ನಮ್ಮ ಈ ಒಣಸೀಮೆಯಲ್ಲಿಯೇ ಬೆಳೆದು ಬಂದಿತ್ತೆಂಬುದಕ್ಕೆ ಅವರ ಬಾಳೇ ಪ್ರಮಾಣ. ಸೂಲಗಿತ್ತಿಯರ ಕಾಲ ಮುಗಿದು ಹೆರಿಗೆಯು ಆಸ್ಪತ್ರೆಗೆ ಹೋಯಿತು, ಹೋದದ್ದು ಒಳ್ಳೆಯದೇ. ಆದರೆ ಹೆರಿಗೆಯೊಂದನ್ನು ಬಿಟ್ಟು ಹೆಣ್ಣಿನ ಮಿಕ್ಕೆಲ್ಲ ಬಾಧೆಗಳೂ, ಎಂದರೆ ಮುಟ್ಟಿನದು, ಬಿಳಿ ಹೋಗುವುದರದು, ಗರ್ಭ ಜಾರುವುದರದು, ಮುಟ್ಟು ನಿಂತ ಮೇಲಿನದು, ಅಜ್ಜಿಯ ಕೈಗೂ ಸಿಕ್ಕದೆ ವೈದ್ಯರ ಕಣ್ಣಿಗೂ ಬೀಳದೆ ನಡುವೆ ಅನಾಥವಾಗಿ ಉಳಿದವು.

ಮೊದಲು ಮುಟ್ಟಿನ ವಿಚಾರ. ನಮ್ಮ ಸೀಮೆಯ ಹೆಸರು ಈ ವಿಷಯದಲ್ಲಿ ಪತ್ರಿಕೆಗಳಿಗೆ ಬರುವುದು ಗೊಲ್ಲರಹಟ್ಟಿಗಳ ಮೂಲಕ. ಮುಟ್ಟಾದವಳು ಹಟ್ಟಿಯ ಬೇಲಿಯಾಚೆಗೆ ಇರತಕ್ಕದ್ದು, ಬಾಣಂತಿಯು ಕೂಸಿನೊಡನೆ ಊರ ಹೊರಗಿನ ಗುಡಿಸಲಿನಲ್ಲಿ ಸೂತಕವನ್ನು ಕಳೆಯತಕ್ಕದ್ದು ಎಂಬ ಕಟ್ಟು ಕಾಡುಗೊಲ್ಲರಲ್ಲಿ ಇಂದಿಗೂ ಹಲವು ಕಡೆ ನಡೆದಿದೆ. 2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಕೂಸು ಮಳೆಚಳಿಗೆ ಸಿಕ್ಕಿ ಸತ್ತಿತು. ಹುಟ್ಟಿ ಕೆಲವೇ ದಿನಗಳಾದ ಶಿಶುವಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಒದ್ದೆ ಬಟ್ಟೆಯೂ ಬೀಸುವ ಗಾಳಿಯೂ ಸೇರಿದರೆ ಒಂದು ರಾತ್ರಿ ಸಾಕು. ಹೀಗೆ ಬಲವಂತವಾಗಿ ಹೊರಗಿರಿಸುವುದು ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನೆಗಾಗಿ 2017ರಲ್ಲಿ ನಮ್ಮ ರಾಜ್ಯವು ಮಾಡಿದ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಇನ್ನೊಂದು ಕಡೆ ಸರ್ಕಾರವೇ ಕೃಷ್ಣ ಕುಟೀರಗಳೆಂಬ ಹೆಸರಿನಲ್ಲಿ ಹಟ್ಟಿಗಳ ಬಳಿ, ಹೊರಗಾದವರು ಇರಲೆಂದು, ಕಟ್ಟಡಗಳನ್ನು ಕಟ್ಟಿಸಿಕೊಟ್ಟಿತು. ಮಳೆಯಲ್ಲಿ ನೆನೆಯುವುದಕ್ಕಿಂತ ಸೂರು ಮೇಲೆಂಬುದು ನಿಜವಾದರೂ, ನಿಲ್ಲಿಸಬೇಕಾದ ಪದ್ಧತಿಗೆ ಸಿಮೆಂಟಿನ ಗೋಡೆ ಎಬ್ಬಿಸಿದ್ದು ಯಾವ ಜಾಣತನವೋ ನಾನು ಅರಿಯೆ.

ಹಟ್ಟಿಯ ಹಿರಿಯರಲ್ಲಿ ನನ್ನ ಮಾತು ಇಷ್ಟೇ. ಶಿರಾ ಸೀಮೆಯ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ನಡೆದುಕೊಳ್ಳುವ ಒಕ್ಕಲಿನವರು ತಾವು; ದನ ಕುರಿಗಳ ಪಾಲನೆಯನ್ನು ತಮಗಿಂತ ಬಲ್ಲವರು ಈ ಜಿಲ್ಲೆಯಲ್ಲಿಲ್ಲ. ಈದ ಹಸುವನ್ನೂ ಎಳೆಗರುವನ್ನೂ ಮಳೆಯಲ್ಲಿ ಬಿಡದೆ ಕೊಟ್ಟಿಗೆಯ ಬೆಚ್ಚನೆಯ ಮೂಲೆಯಲ್ಲಿ ಕಟ್ಟುವ ಕೈಗಳು ಹೆತ್ತ ಸೊಸೆಯನ್ನು ಬೇಲಿಯಾಚೆಗೆ ಕಳುಹಿಸಿದರೆ ದನಗಾಹಿಯಾದ ದೇವರು ಮೆಚ್ಚುವನೆಂದು ನನಗಂತೂ ತೋರುವುದಿಲ್ಲ.

ಇಷ್ಟನ್ನು ಹೇಳಿ ಹಟ್ಟಿಯವರನ್ನು ಮಾತ್ರ ಕಟಕಟೆಗೆ ತಂದು ನಿಲ್ಲಿಸಿದರೆ ಅನ್ಯಾಯವಾದೀತು. ಪೇಟೆಯ ಬೀದಿಗಳಲ್ಲಿ, ಮೇಲುಜಾತಿಯೆಂದು ಹೇಳಿಕೊಳ್ಳುವ ಮನೆಗಳಲ್ಲಿ, ಹಿತ್ತಿಲ ಕೋಣೆಯೋ ಜಗಲಿಯ ಕೊನೆಯೋ ಇದೇ ಕೆಲಸವನ್ನು ಮಾಡುತ್ತಿರುತ್ತದೆ; ಹಟ್ಟಿಯ ಗುಡಿಸಲು ಬಯಲಿನಲ್ಲಿರುವುದರಿಂದ ಛಾಯಾಚಿತ್ರಕ್ಕೆ ಸಿಕ್ಕುತ್ತದೆ, ಈ ಕೋಣೆ ಸಿಕ್ಕುವುದಿಲ್ಲ. ಮಡಿಯ ತರ್ಕವನ್ನು ಇಲ್ಲಿ ಚರ್ಚಿಸಲು ನನಗೆ ಮನಸ್ಸಿಲ್ಲ. ಮುಟ್ಟಿನ ಬಟ್ಟೆಯ ವಿಷಯ ಅದಕ್ಕಿಂತ ಅವಸರದ್ದು. ಯಾರ ಕಣ್ಣಿಗೂ ಬೀಳಬಾರದೆಂದು ಆ ಬಟ್ಟೆಯನ್ನು ಹಂಚಿನ ಸಂದಿಯಲ್ಲಿಯೋ, ಬೇರೊಂದು ಸೀರೆಯ ಅಡಿಯಲ್ಲಿಯೋ, ಸೌದೆಯ ಒಟ್ಟಿಲಿನ ಹಿಂದೆಯೋ ಒಣಗಿಸುವ ಪದ್ಧತಿ ಇದೆಯಲ್ಲ, ಅದರಿಂದ ಬಟ್ಟೆಯು ಅರೆ ಹಸಿಯಾಗಿ ಉಳಿದು ತುರಿಕೆಯನ್ನೂ ಸೋಂಕನ್ನೂ ತರುತ್ತದೆ. ಸೋಪಿನಲ್ಲಿ ಒಗೆದು ಉರಿಬಿಸಿಲಿಗೆ ಹರವಿದ ಹತ್ತಿಯ ಬಟ್ಟೆಯಿಂದ ಯಾವ ಕೇಡೂ ಇಲ್ಲ. ಬಿಸಿಲಿಗೆ ನಮ್ಮಲ್ಲಿ ಬರವೆ? ಪಾವಗಡದ ತಿರುಮಣಿಯ ಬಯಲಿನಲ್ಲಿ ಸಾವಿರಾರು ಎಕರೆಯ ಮೇಲೆ ಗಾಜಿನ ಹಲಗೆಗಳನ್ನು ಹಾಸಿ ಅದೇ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುತ್ತಿದ್ದಾರೆ. ಒಂದು ಮೊಳ ಬಟ್ಟೆಗೆ ಮಾತ್ರ ಅದು ಸಿಕ್ಕದೆ ಹೋಗಿದೆ.

ಇನ್ನು ರಕ್ತದ ಲೆಕ್ಕ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರ ಪೈಕಿ ಶೇಕಡ 47.8 ಮಂದಿ ರಕ್ತಹೀನತೆಯುಳ್ಳವರು. ಎಂದರೆ ತಮ್ಮ ಮನೆಯಲ್ಲಿ ಇಬ್ಬರು ಸೊಸೆಯಂದಿರಿದ್ದರೆ ಒಬ್ಬಳಿಗೆ ರಕ್ತ ಸಾಲದೆಂದು ಎಣಿಸಿಕೊಳ್ಳಬಹುದು. ಅವಳು ಯಾವಳೆಂಬುದನ್ನು ಕಂಡುಹಿಡಿಯುವುದಷ್ಟೇ ಕೆಲಸ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಬಿಳುಪು, ಎದೆ ಡವಡವ, ಮಾತು ಮಾತಿಗೆ ಸಿಡುಕು: ಇವು ಗುರುತುಗಳು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯು ಬೋರ್ಡಿನ ಕೆಳಗಿನ ಪೆಟ್ಟಿಗೆಯಿಂದ ಸೀಮೆಸುಣ್ಣದ ತುಂಡುಗಳನ್ನು ಕದ್ದು ತಿನ್ನುತ್ತಿದ್ದಳು. ತುಟಿಯ ಅಂಚಿನ ಬಿಳಿಯ ಪುಡಿಯನ್ನು ಕಂಡು ನಾನು ಗದರಿಸಿದಾಗ, ಮನೆಯಲ್ಲಿ ಮಣ್ಣಿನ ಗೋಡೆಯನ್ನೂ ಕೆರೆದು ತಿನ್ನುತ್ತೇನೆಂದು ತಲೆ ತಗ್ಗಿಸಿ ಹೇಳಿದಳು. ಮಣ್ಣು, ಸುಣ್ಣ, ಹಸಿ ಅಕ್ಕಿಗಳ ಮೇಲಿನ ಈ ಚಪಲವು ಮೈಯಲ್ಲಿ ಕಬ್ಬಿಣಾಂಶ ಕುಂದಿದ್ದರ ಲಕ್ಷಣವಾಗಿರಬಹುದೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿದರೆ, ಹನ್ನೆರಡು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಏಳನ್ನು ಸ್ವಲ್ಪವೇ ದಾಟಿತ್ತು. ಅವಳ ಅಜ್ಜಿಗೆ ಈ ಸಂಗತಿ ಹೊಸದೇನೂ ಅಲ್ಲ; “ಅವಳಿಗೆ ಮುಟ್ಟು ಜಾಸ್ತಿ, ಹತ್ತು ದಿನ ನಿಲ್ಲಾಕಿಲ್ಲ, ಉಷ್ಣದ ಮೈ” ಎಂದು ಆಕೆ ಎಂದೋ ನಿರ್ಣಯಿಸಿ ಆಗಿತ್ತು.

ಆ ಅಜ್ಜಿಯ ಗಮನ ಸರಿಯಾಗಿತ್ತು, ನಿರ್ಣಯ ತಪ್ಪಿತ್ತು. ಮುಟ್ಟು ಏಳು ದಿನಗಳನ್ನು ಮೀರಿ ಹರಿದರೆ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆಯನ್ನು ಬದಲಿಸುವಂತಾದರೆ, ರಕ್ತವು ಗಡ್ಡೆಗಡ್ಡೆಯಾಗಿ ಬಿದ್ದರೆ, ಅದು ಮೈಯ ಗುಣವೆಂದು ಸುಮ್ಮನಿರತಕ್ಕದ್ದಲ್ಲ. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡಿನ ಏರುಪೇರು, ಎಳೆಯ ವಯಸ್ಸಿನಲ್ಲಿ ಹಾರ್ಮೋನುಗಳು ಇನ್ನೂ ಹದಕ್ಕೆ ಬಾರದಿರುವುದು, ಹೀಗೆ ಕಾರಣಗಳು ಹಲವು. ಬಹುಮಟ್ಟಿಗೆ ಎಲ್ಲಕ್ಕೂ ಔಷಧವುಂಟು. ಮುಟ್ಟು ತಿಂಗಳುಗಟ್ಟಲೆ ಬಾರದೆ ಹೋಗುವುದು, ಅದರೊಡನೆ ಮೈ ದಪ್ಪವಾಗಿ ಗಲ್ಲದ ಮೇಲೆ ಕೂದಲು ಮೂಡುವುದು ಕೂಡ ಅಂಡಾಶಯಕ್ಕೆ ಸಂಬಂಧಪಟ್ಟ ಒಂದು ಸಾಮಾನ್ಯ ತೊಂದರೆ; ಅದಕ್ಕೆ ಮದುವೆಯೇ ಔಷಧವೆಂದು ಹೇಳುವವರ ಮಾತನ್ನು ತಾವು ನಂಬಬೇಡಿ. ಆರೋಗ್ಯ ಇಲಾಖೆಯವರು ಶಾಲೆಯ ಹುಡುಗಿಯರಿಗೆ ವಾರಕ್ಕೊಂದರಂತೆ ಕೊಡುವ ನೀಲಿಯ ಗುಳಿಗೆಯೂ ಬಸುರಿಗೆ ದಿನವೂ ಕೊಡುವ ಕೆಂಪು ಗುಳಿಗೆಯೂ ಈ ಕಬ್ಬಿಣಾಂಶದವೇ. ಅವನ್ನು ನುಂಗಿದರೆ ಮಲವು ಕಪ್ಪಾಗುವುದು ಸಹಜ, ಹೊಟ್ಟೆ ತೊಳಸುವುದೂ ಉಂಟು. ಅಷ್ಟಕ್ಕೇ ಹೆದರಿ ಗುಳಿಗೆಗಳನ್ನು ಹಿತ್ತಿಲಿಗೆ ಎಸೆಯುವ ಮನೆಗಳನ್ನು ನಾನು ಬಲ್ಲೆ. ಊಟವಾದ ಮೇಲೆ, ನಿಂಬೆಹಣ್ಣಿನ ಪಾನಕದೊಡನೆ ಕೊಡಿ. ಗುಳಿಗೆಯ ಹಿಂದೆಯೇ ಟೀ ಕುಡಿಸಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮುದ್ದೆಯು ಮೂಳೆಗೆ ಬಲವೆಂಬುದು ದಿಟ, ರಕ್ತಕ್ಕೆ ಅದೊಂದೇ ಸಾಲದು. ನುಗ್ಗೆಸೊಪ್ಪು, ಹುರುಳಿ, ಅವರೆ, ತಿನ್ನುವವರಾದರೆ ಮೊಟ್ಟೆ ಮಾಂಸ, ಇವು ಸೊಸೆಯ ತಟ್ಟೆಗೂ ಬೀಳಬೇಕು. ಎಲ್ಲರ ಊಟವಾದ ಮೇಲೆ ಸಾರಿನ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುವ ಕಾಲವನ್ನು ತಾವೂ ಕಂಡವರೇ. ಅದರ ನೆನಪು ತಮಗಿದ್ದೇ ಇರುತ್ತದೆ.

ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಕಡಲೆಕಾಯಿ ಬಿಡಿಸುವ ಕಾಲದಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಬಳ್ಳಿಯಿಂದ ಕಾಯಿಗಳನ್ನು ಕಿತ್ತು ಪುಟ್ಟಿಗೆ ಹಾಕುತ್ತಿದ್ದರು. ಅವರಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ ಆಗಿಂದಾಗ್ಗೆ ಎದ್ದು, ಗೋಡೆಯ ಮರೆಗೆ ಹೋಗಿ, ಸೀರೆಯ ನೆರಿಗೆಯೊಳಗೆ ಕೈಯಿಟ್ಟು ಏನನ್ನೋ ಒತ್ತಿ ಸರಿಪಡಿಸಿಕೊಂಡು ಬಂದು ಕೂರುವಳು. ಕೂರುವಾಗ ಒಂದು ಕೈ ನೆಲಕ್ಕೆ, ಒಂದು ಕೈ ಕಿಬ್ಬೊಟ್ಟೆಗೆ. ಸಂಜೆ ನಾವಿಬ್ಬರೇ ಉಳಿದಾಗ ಕೇಳಿದೆ. “ಗರ್ಭ ಜಾರೈತೆ ಟೀಚರಮ್ಮ, ಮೂರನೇ ಮಗೀನ ಕಾಲದಿಂದ. ಬಟ್ಟೆ ಸುತ್ತಿ ಇಟ್ಕಂಡಿವ್ನಿ. ಯಾರ್ತಾವ ಹೇಳ್ಕಳಾನ?” ಎಂದಳು. ಹಳೆಯ ಸೀರೆಯ ಚೂರನ್ನು ಉಂಡೆಯಾಗಿ ಸುತ್ತಿ, ಹೊರಬೀಳುವ ಗರ್ಭಕೋಶವನ್ನು ಅದರಿಂದ ತಡೆದು ನಿಲ್ಲಿಸಿಕೊಂಡು, ಆ ಹೆಂಗಸು ಮೂವರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಇಬ್ಬರಿಗೆ ಮದುವೆಯನ್ನೂ ಮಾಡಿದ್ದಳು. ಮೂರನೆಯ ಹೆರಿಗೆಯಾದ ಹದಿನೈದನೆಯ ದಿನವೇ ಬೋರ್‌ವೆಲ್ಲಿನಿಂದ ಬಿಂದಿಗೆಗಳನ್ನು ಹೊರಲು ಹೋದೆನೆಂದೂ, ಮನೆಯಲ್ಲಿ ಬೇರೆ ಹೆಣ್ಣಾಳು ಇರಲಿಲ್ಲವೆಂದೂ ಹೇಳಿದಳೇ ಹೊರತು ಯಾರನ್ನೂ ದೂರಲಿಲ್ಲ.

ಹೆರಿಗೆಯಲ್ಲಿ ಸಡಿಲಗೊಂಡ ಕಟಿಯ ಮಾಂಸಖಂಡಗಳು ಮತ್ತೆ ಬಿಗಿಯಾಗುವುದಕ್ಕೆ ಮುಂಚೆ ಭಾರವನ್ನು ಎತ್ತಿದರೆ ಗರ್ಭಕೋಶವು ಕೆಳಗಿಳಿಯುವ ಸಂಭವ ಹೆಚ್ಚು. ಮೇಲಿಂದ ಮೇಲೆ ಹೆರುವುದು, ದೀರ್ಘಕಾಲದ ಕೆಮ್ಮು, ಮಲಬದ್ಧತೆ ಇವೂ ಅದಕ್ಕೆ ಕೂಡಿಕೊಳ್ಳುತ್ತವೆ. ಬಾಣಂತಿಗೆ ನಮ್ಮ ಹಿರಿಯರು ವಿಧಿಸಿದ ತಿಂಗಳುಗಟ್ಟಲೆಯ ವಿಶ್ರಾಂತಿಯು ಎಷ್ಟು ವಿವೇಕದ್ದೆಂಬುದು ಇಲ್ಲಿ ತಿಳಿಯುತ್ತದೆ. ಆ ವಿಶ್ರಾಂತಿಯು ಉಳ್ಳವರ ಮನೆಯ ಸೊತ್ತಾಗಿ, ಕೂಲಿಯವಳಿಗೆ ದಕ್ಕದೆ ಹೋದದ್ದೇ ದುಃಖ. ಆರಂಭದಲ್ಲಿಯೇ ತೋರಿಸಿಕೊಂಡರೆ, ಮೂತ್ರವನ್ನು ತಡೆಹಿಡಿದಂತೆ ಒಳಗಿನ ಖಂಡಗಳನ್ನು ಬಿಗಿಹಿಡಿದು ಬಿಡುವ ಸರಳ ವ್ಯಾಯಾಮವನ್ನು ಕಲಿಸುತ್ತಾರೆ. ಇನ್ನೂ ಮುಂದುವರಿದಿದ್ದರೆ ಬಳೆಯಾಕಾರದ ರಿಂಗೊಂದನ್ನು ಒಳಗಿರಿಸಿ ಗರ್ಭಕೋಶಕ್ಕೆ ಆಧಾರ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯು ಅದರಾಚೆಯ ಮಾತು. ನಾನು ಕಂಡ ಹೆಂಗಸಿಗೆ ಆ ರಿಂಗಿನಿಂದಲೇ ನೆಮ್ಮದಿಯಾಯಿತು. ಸೀರೆಯ ಉಂಡೆಯಿಂದ ರಿಂಗಿನವರೆಗೆ ಬರಲು ಆಕೆಗೆ ಎರಡು ದಶಕಗಳೇ ಹಿಡಿದವು.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಮಾತು ಅರ್ಧವಾದೀತು. ನೋವನ್ನು ನುಂಗಿಕೊಂಡಿರುವುದು ಒಂದು ಅತಿಯಾದರೆ, “ಮಕ್ಕಳಾದ ಮೇಲೆ ಗರ್ಭಚೀಲ ಯಾತಕ್ಕೆ, ತೆಗೆಸಿಬಿಡೋಣ” ಎಂಬುದು ಇನ್ನೊಂದು ಅತಿ. ಈಗ್ಗೆ ಹತ್ತು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯಲ್ಲಿ, ಹೊಟ್ಟೆನೋವೆಂದೋ ಬಿಳಿ ಹೋಗುವುದೆಂದೋ ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಸ್ತ್ರೀಯರ ಗರ್ಭಕೋಶಗಳನ್ನು, ಕ್ಯಾನ್ಸರಿನ ಭಯವನ್ನು ಹುಟ್ಟಿಸಿ, ದೊಡ್ಡ ಸಂಖ್ಯೆಯಲ್ಲಿ ತೆಗೆದುಹಾಕಿದ್ದರೆಂಬುದು ತನಿಖೆಯಿಂದ ಹೊರಬಿದ್ದಿತು. ಇಂತಹ ಪ್ರಕರಣಗಳು ಬಿಹಾರ, ರಾಜಸ್ಥಾನ, ಛತ್ತೀಸಗಡಗಳಿಂದಲೂ ಬಂದು, 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು, ಅನವಶ್ಯಕ ಗರ್ಭಕೋಶ ಛೇದನವನ್ನು ತಡೆಯಲು ಕೇಂದ್ರ ಸರ್ಕಾರವು ರಚಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರತಕ್ಕದ್ದೆಂದು ಆಜ್ಞೆ ಮಾಡಿತು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಂಗಸಿಗೆ ಐವತ್ತರ ಮೈ ಬರುತ್ತದೆ. ಮೂಳೆಗಳು ಸವೆಯುತ್ತವೆ, ಮೈಗೆ ಕಾವೇರುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ತೆಗೆಯಲೇಬೇಕಾದ ಸಂದರ್ಭಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಹಿಂದೂಪುರಕ್ಕೋ ತುಮಕೂರಿಗೋ ಹೋದ ಮೊದಲನೆಯ ದಿನವೇ ಹಣ ಕಟ್ಟಿ ಮಲಗಿಸಿ ಎಂದರೆ, ಔಷಧದಿಂದ ಆಗದೆ, ಕಾಯುವಂತಿಲ್ಲವೆ, ಪರೀಕ್ಷೆಯ ವರದಿ ಎಲ್ಲಿ ಎಂದು ಮೂರು ಪ್ರಶ್ನೆಗಳನ್ನು ಕೇಳಿ, ವರದಿಯನ್ನು ಕೈಯಲ್ಲಿ ಹಿಡಿದು ಇನ್ನೊಬ್ಬ ವೈದ್ಯರಲ್ಲಿಗೆ ಹೋಗಿ. ಕೇಳುವ ಧೈರ್ಯ ಸೊಸೆಗಿರಲಾರದು; ತಮಗುಂಟು. ಸಂತೆಯಲ್ಲಿ ಕುರಿಯ ಹಲ್ಲು ನೋಡದೆ ದುಡ್ಡು ಬಿಚ್ಚುವವರಲ್ಲ ತಾವು.

ಬಿಳಿ ಹೋಗುವುದರಿಂದ ಮೂಳೆ ಕರಗುತ್ತದೆಂಬ ಭಯ ನಮ್ಮಲ್ಲಿ ಬಹಳ. ಮೂಳೆ ಕರಗುವುದಿಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ವಾಸನೆಯಿಲ್ಲದ ತಿಳಿಯಾದ ಸ್ರಾವವು ಪ್ರಕೃತಿಯದು. ಅದು ಮೊಸರು ಒಡೆದಂತೆ, ಇಲ್ಲವೆ ಹಳದಿ ಹಸಿರಾಗಿ, ದುರ್ವಾಸನೆಯಿಂದಲೋ ತುರಿಕೆಯಿಂದಲೋ ಕೂಡಿ ಬಂದರೆ ಸೋಂಕು, ಕೆಲವು ದಿನಗಳ ಔಷಧಕ್ಕೆ ಗುಣವಾಗತಕ್ಕದ್ದು. ಎಷ್ಟೋ ವೇಳೆ ಗಂಡನೂ ಆ ಔಷಧವನ್ನು ತೆಗೆದುಕೊಳ್ಳಬೇಕಾಗುವುದು. ಭಯಪಡಬೇಕಾದ್ದು ಬೇರೆ: ಗಂಡಹೆಂಡಿರ ಕೂಟದ ತರುವಾಯ ರಕ್ತ ಕಾಣುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಒಂದು ಹನಿಯಾದರೂ ಕಾಣುವುದು. ಈ ಎರಡನೆಯದನ್ನು ತಾವು ವಿಶೇಷವಾಗಿ ಮನಸ್ಸಿನಲ್ಲಿಡಬೇಕು, ಏಕೆಂದರೆ ಅದು ತಮ್ಮ ವಯಸ್ಸಿನ ಮಾತು. “ಮತ್ತೆ ಮುಟ್ಟು ಬಂತು, ಪ್ರಾಯ ಮರಳಿತು” ಎಂದು ನಗೆಯಾಡಿ ಬಿಡತಕ್ಕದ್ದಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರು ಒಂದು ವೈರಸ್ಸಿನಿಂದ ಬರುವುದೆಂದು ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿ ಸಾಧಿಸಿ 2008ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಸೋಂಕು ತಗುಲಿ ಕ್ಯಾನ್ಸರಾಗಿ ಬಲಿಯಲು ಹದಿನೈದು ಇಪ್ಪತ್ತು ವರ್ಷಗಳೇ ಬೇಕಾಗುವುದರಿಂದ, ಅಷ್ಟರೊಳಗೆ ಒಮ್ಮೆ ನೋಡಿದರೂ ಸಿಕ್ಕಿಬೀಳುವ ಕಳ್ಳ ಅದು. ನೋಡುವ ಬಗೆಯೂ ಸುಲಭ: ವಿನಿಗರಿನಂಥ ಹುಳಿದ್ರವವನ್ನು ಹತ್ತಿಯಿಂದ ಸವರಿ, ಒಂದು ನಿಮಿಷ ಕಾದು, ಬೆಳ್ಳಗಾದ ಕಲೆ ಮೂಡುವುದೋ ಎಂದು ಪರೀಕ್ಷಿಸುತ್ತಾರೆ. ಮೂವತ್ತು ದಾಟಿದವರು ಐದು ವರ್ಷಗಳಿಗೊಮ್ಮೆ ಇದನ್ನು ಮಾಡಿಸಬೇಕೆಂಬುದು ಸರ್ಕಾರದ ನಿಯಮ. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗಿನ ಮೊಮ್ಮಗಳಿಗೆ ಇದಕ್ಕೆ ಲಸಿಕೆಯೂ ಉಂಟು.

ಬಾಣಂತಿಯ ವಿಷಯಕ್ಕೆ ಬಂದಾಗ ಪಾವಗಡದವರು ನನ್ನನ್ನು ತಡೆದು ಕೇಳಬಹುದು: ಆಸ್ಪತ್ರೆಗೆ ಹೋಗಿ ಹೋಗಿ ಎನ್ನುತ್ತೀರಲ್ಲ, 2024ರ ಫೆಬ್ರವರಿಯಲ್ಲಿ ನಮ್ಮೂರ ತಾಯಿ ಮಕ್ಕಳ ಆಸ್ಪತ್ರೆಯಲ್ಲಿ ಏನಾಯಿತೆಂಬುದನ್ನು ಮರೆತಿರಾ? ಮರೆತಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ಸ್ತ್ರೀಯರು ಒಬ್ಬರ ಹಿಂದೊಬ್ಬರು ಮೃತಪಟ್ಟರು. ಸರ್ಕಾರವು ತನಿಖೆ ನಡೆಸಿ ಸಿಬ್ಬಂದಿಯ ಮೇಲೆ ಕ್ರಮ ಕೈಗೊಂಡಿತು. ಶಸ್ತ್ರಗಳ ಶುದ್ಧಿ, ಕೈಗಳ ಶುದ್ಧಿ, ಕೊಠಡಿಯ ಶುದ್ಧಿ, ಈ ಮೂರರಲ್ಲಿ ಒಂದು ತಪ್ಪಿದರೂ ನಂಜು ಒಳಗೆ ಸೇರುವುದು. 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಇದನ್ನು ಕಂಡುಕೊಂಡ ಬಗೆ ತಮಗೆ ಹಿಡಿಸಬಹುದು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು, ವೈದ್ಯ ವಿದ್ಯಾರ್ಥಿಗಳದೊಂದು, ಸೂಲಗಿತ್ತಿಯರದೊಂದು. ಬಾಣಂತಿಯರು ಸನ್ನಿ ಹಿಡಿದು ಸಾಯುತ್ತಿದ್ದುದು ವಿದ್ಯಾವಂತರ ವಿಭಾಗದಲ್ಲಿ ಬಹು ಹೆಚ್ಚು. ಹೆಣಗಳನ್ನು ಕೊಯ್ದು ಕಲಿತ ಕೈಗಳನ್ನು ಸರಿಯಾಗಿ ತೊಳೆಯದೆ ಅವರು ಹೆರಿಗೆಗೆ ಬರುತ್ತಿದ್ದರೆಂಬುದೇ ಕಾರಣ. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರತಕ್ಕದ್ದಲ್ಲವೆಂದು ಆತ ಕಟ್ಟು ಮಾಡಿದೊಡನೆ ಸಾವುಗಳು ಇಳಿದವು. ದೊಡ್ಡ ವೈದ್ಯರು ಅವನನ್ನು ಪರಿಹಾಸ ಮಾಡಿದರು. ಆದುದರಿಂದ ಆಸ್ಪತ್ರೆಯಲ್ಲಿ ಶುದ್ಧಿಯನ್ನು ಕೇಳುವುದು 1847ರಷ್ಟು ಹಳೆಯ ಹಕ್ಕು. ಆದರೆ ಆ ಮೂರು ಸಾವುಗಳನ್ನು ನೆವಮಾಡಿ ಹೆರಿಗೆಯನ್ನು ಮತ್ತೆ ಮನೆಗೆ ತರಬೇಡಿ. ಹೆರಿಗೆಯ ತರುವಾಯದ ರಕ್ತಸ್ರಾವವು ಗಟ್ಟಿಮುಟ್ಟಾದ ಹೆಂಗಸನ್ನೂ ಕೆಲವೇ ತಾಸುಗಳಲ್ಲಿ ಕೊಂಡೊಯ್ಯುತ್ತದೆ, ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನಷ್ಟು ದೂರ. ದಿನ ತುಂಬಿದ ಬಸುರಿಯಲ್ಲಿ ರಕ್ತ ಕಡಿಮೆಯಿದ್ದರೆ, ರಕ್ತದೊತ್ತಡ ಏರಿದ್ದರೆ, ನೋವು ಬರುವುದಕ್ಕೆ ಮುಂಚೆಯೇ ಹೊರಡಬೇಕೆಂಬುದು ಈ ಭೂಗೋಳದ ಪಾಠ.

ಮನೆಗೆ ಬಂದ ಬಾಣಂತಿಗೆ ಎಣ್ಣೆನೀರು, ಬೆಚ್ಚನೆಯ ಹಾಸಿಗೆ, ವಿಶ್ರಾಂತಿ ಇವನ್ನು ತಾವು ಕೊಡುವ ಹಾಗೆ ಯಾವ ಆಸ್ಪತ್ರೆಯೂ ಕೊಡಲಾರದು. ಬಿಡಬೇಕಾದ್ದು ಕೆಲವು: ನೀರು ಕೊಟ್ಟರೆ ಹೊಟ್ಟೆ ಬರುವುದೆಂದು ಬಾಯಾರಿಸುವುದು, ನಂಜೆಂದು ಸೊಪ್ಪು ತರಕಾರಿಗಳನ್ನು ತಪ್ಪಿಸುವುದು, ಮೊದಲ ದಿನದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಮಂಚದ ಕೆಳಗೆ ಕೆಂಡವಿಟ್ಟು ಕೋಣೆಯನ್ನು ಹೊಗೆಯಿಂದ ತುಂಬುವುದು. ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ತಿರುಗಿದರೆ, ಅದು ದೃಷ್ಟಿಯೂ ಅಲ್ಲ ಗಾಳಿಯೂ ಅಲ್ಲ. ಆ ದಿನವೇ 108ಕ್ಕೆ ಕರೆ ಮಾಡಿ.

ಒಂದೆರಡು ಮಾತು ಗಂಡುಮಕ್ಕಳನ್ನು ಕುರಿತು. 1930ರಲ್ಲಿ ನಮ್ಮ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಲು ಅಪ್ಪಣೆ ಕೊಟ್ಟಾಗ ಲೋಕದಲ್ಲಿ ಬೇರಾವ ಸರ್ಕಾರವೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ. ಅಷ್ಟು ಮುಂದಾಗಿ ಹೊರಟ ನಾಡು ತಲುಪಿದ್ದೆಲ್ಲಿಗೆ? ನಾನು ಮೇಲೆ ಹೇಳಿದ ಸಮೀಕ್ಷೆಯನ್ನೇ ತೆರೆದರೆ, ಕರ್ನಾಟಕದಲ್ಲಿ ಪ್ರಾಯದ ವಿವಾಹಿತ ಸ್ತ್ರೀಯರ ಪೈಕಿ ಶೇಕಡ 57.4 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಮನೆಯಲ್ಲಿ ಸೊನ್ನೆ. ಗಂಡಸಿಗೆ ಮಾಡುವುದು ಹೊಲಿಗೆಯೂ ಬೇಡದ ಕೆಲವು ನಿಮಿಷಗಳ ಕೆಲಸ. ಹೆಂಗಸಿಗೆ ಹೊಟ್ಟೆಯನ್ನೇ ತೆರೆಯಬೇಕು. ಮಗನ ಶಕ್ತಿ ಕುಂದುವುದೆಂಬ ಭಯ ನಿರಾಧಾರವಾದುದು, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಬಲ್ಲವರು ಅವನನ್ನು ಹೆತ್ತವರೇ. ಹಾಗೆಯೇ ಮದುವೆಯಾಗಿ ಎರಡು ಮೂರು ವರ್ಷ ಮಕ್ಕಳಾಗದಿದ್ದರೆ ಸೊಸೆಯನ್ನು ಗುಡಿಯಿಂದ ಗುಡಿಗೆ ಸುತ್ತಿಸುವ ಮುಂಚೆ ಮಗನ ವೀರ್ಯಪರೀಕ್ಷೆಯನ್ನು ಮಾಡಿಸಿ; ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧಪಾಲು ಗಂಡಿನ ಕಡೆಯ ಕಾರಣವೂ ಇರುತ್ತದೆ, ಪರೀಕ್ಷೆಗೆ ಕತ್ತರಿಯೂ ಬೇಡ ಸೂಜಿಯೂ ಬೇಡ.

ಪ್ರತಿ ತಿಂಗಳ ಒಂಬತ್ತನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ವಿಶೇಷವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ನಡೆದುಬಂದಿದೆ. ಆ ದಿನಗಳಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ನೋಡಿದ್ದೇನೆ: ವೈದ್ಯರು ಸೊಸೆಯನ್ನು ಕೇಳುತ್ತಾರೆ, ಅತ್ತೆಯವರು ಉತ್ತರ ಹೇಳುತ್ತಾರೆ. ಮುಟ್ಟು ಎಂದು ನಿಂತಿತೆಂಬುದರಿಂದ ಹಿಡಿದು ಉರಿಮೂತ್ರದವರೆಗೆ ಎಲ್ಲವನ್ನೂ ಅತ್ತೆಯೇ ಒಪ್ಪಿಸುತ್ತಿರುವಾಗ ಆ ಹುಡುಗಿಯು ತಾಯಿ ಕಾರ್ಡಿನ ಅಂಚನ್ನು ಮಡಿಚುತ್ತ ಬಿಚ್ಚುತ್ತ ನಿಂತಿರುತ್ತಾಳೆ. ಬರುವ ತಿಂಗಳು ತಾವು ಅವಳನ್ನು ಕರೆದುಕೊಂಡು ಹೋದಾಗ ಬಾಗಿಲವರೆಗೆ ಜೊತೆಗಿದ್ದು, ಒಳಗೆ ಅವಳೊಬ್ಬಳನ್ನೇ ಬಿಡಿ. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗಲೂ ಹಾಗೆಯೇ, ಅವರಿಬ್ಬರಿಗೆ ಸ್ವಲ್ಪ ಹೊತ್ತು ಹಿತ್ತಿಲನ್ನು ಬಿಟ್ಟುಕೊಡಿ. ಅವಳು ಹೊರಗೆ ಬಂದ ಮೇಲೆ ತಮ್ಮ ಹೆಸರಿಗೂ ಒಂದು ಚೀಟಿ ಬರೆಸಿ, ತಾವು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿರುವುದು ಏನಾದರೂ ಇದ್ದರೆ ಅದನ್ನು ಹೇಳಿ ಬನ್ನಿ. ಅಂದಿನ ಮುದ್ದೆಯನ್ನು ಮಗ ತೊಳಸಲಿ, ಗಂಟಾದರೂ ಉಣ್ಣಬಹುದು.

ಇತಿ ತಮ್ಮ ವಿಶ್ವಾಸದ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮಧುಗಿರಿ